ತೀರ್ಥೇಶನ ಮಾತು

ಇದು ಸೊರಬದಲ್ಲಿ ನಡೆದದ್ದು. ನಡುವಯಸ್ಸಿನ ಗೆಳೆಯರು ಒಟ್ಟಿಗೆ ಕೂತು, ಕೈತಪ್ಪಿದ್ದನ್ನೆಲ್ಲ ನೆನೆದು ಹಳಹಳಿಸುವ ನಾಟಕ ನಮ್ಮದು. ತೀರ್ಥೇಶ ತೀರಿಕೊಂಡ ಮೇಲೆ ಅವನ ಪಾತ್ರವನ್ನೇ ತೆಗೆದು, ಉಳಿದ ಮೂವರು ಬೆಂಚಿನ ಉದ್ದಕ್ಕೂ ಹರಡಿ ಕೂತು ತಾಲೀಮು ನಡೆಸಿದ್ದೆವು.

ಮಧ್ಯಾಹ್ನದ ಸೆಕೆಯಲ್ಲೂ ನನ್ನ ಎಡತೋಳು ಮಾತ್ರ ತಣ್ಣಗಾಗಿತ್ತು. ನಾವ್ಯಾರೂ ಮಾತು ಮರೆತಿರಲಿಲ್ಲ. ಆದರೂ ಶಿಕಾರಿಪುರದಿಂದ ಅಂದೇ ಬಂದಿದ್ದ ಪ್ರಾಂಪ್ಟರ್ ಪುಟ್ಟಪ್ಪ ಸೈಡ್‌ವಿಂಗಿನಿಂದ ಎತ್ತಿಕೊಟ್ಟರು: "ನಂಗೂ ಜಾಗ ಬಿಡ್ರೋ."

ಅದು ತೀರ್ಥೇಶನ ಮಾತು. ಇವರಿಗೆ ಹಳೆಯ ಪ್ರತಿ ಕೊಟ್ಟವರು ಯಾರು? ಪಕ್ಕದ ಚನ್ನೇಶನನ್ನು ದುರುಗುಟ್ಟಿ ನೋಡಿದೆ; ಅವನೂ ನನ್ನನ್ನು ಹಾಗೇ ನೋಡುತ್ತಿದ್ದ.

"ಯಾರಿಗ್ರೀ ಎತ್ತಿಕೊಟ್ಟಿದ್ದು?" ಎಂದು ಗದರಿದೆ.

"ನಿಮ್ಮ ಎಡಕ್ಕೆ ನಿಂತೋರಿಗ್ರೀ, ಮಾತು ಮರೆತಿದ್ರು," ಎಂದರು ಪುಟ್ಟಪ್ಪ. "ಅವ್ರು ಹೇಳಿದ ಕೂಡ್ಲೆ ನೀವೆಲ್ಲ ಸರಿದು ಜಾಗ ಬಿಟ್ರಲ್ರೀ."

ಕೆಳಗೆ ನೋಡಿಕೊಂಡೆ. ಬೆಂಚಿನ ಬಲತುದಿಗೆ ನಾವು ಮೂವರೂ ಒತ್ತಿಕೊಂಡು ಕೂತಿದ್ದೆವು.