ಚೀಟಿಯವರನ್ನು ಕೇಳಬಾರದು

"ಆ ನೀಲಿ ಕೋಟಿನವರು ಕೊಡ್ತಾರೆ, ನೋಡ್ತಿರು," ಎಂದಳು ಸ್ಮಿಲ್ತೆ.

"ಹೆಂಗ್ ಹೇಳ್ತೀಯಾ? ಅವರಿನ್ನೂ ದುಡ್ಡೇ ಕೊಟ್ಟಿಲ್ಲ," ಎಂದ ಯೋರಿಸ್.

"ಕೈಯಲ್ಲಿ ಫೋನ್ ಹಿಡ್ಕೊಂಡಿದಾರಲ್ಲ. ಫೋನಲ್ಲಿ ಪೇ ಮಾಡೋರಿಗೆ ಪೇಪರ್ ಕಂಡ್ರಾಗಲ್ಲ. ಬಿಲ್ಲೂ ಬೇಡ, ಸ್ಟಿಕರೂ ಬೇಡ."

ನೀಲಿ ಕೋಟಿನ ಹೆಂಗಸು ಫೋನನ್ನು ಮೆಷಿನ್ನಿಗೆ ಮುಟ್ಟಿಸಿದರು. ಕೌಂಟರಿನಲ್ಲಿದ್ದ ಗೆನೊವೈತೆ ಆಂಟಿ ಎರಡು ಸ್ಟಿಕರ್ ಹರಿದು ಚಾಚಿದರು. ಹೆಂಗಸು ಬೇಡ ಎಂದು ತಲೆಯಾಡಿಸುವಷ್ಟರಲ್ಲಿ ಸ್ಮಿಲ್ತೆ ಎದುರಿಗೆ ಹೋಗಿ ನಿಂತಿದ್ದಳು.

"ಆಂಟಿ, ನಿಮಗೆ ಬೇಡ್ವಾದ್ರೆ ನಮಗೆ ಕೊಡ್ತೀರಾ?"

ಕೊಟ್ಟರು. ಯೋರಿಸ್ ಬಾಯಿ ಬಿಟ್ಟುಕೊಂಡು ನೋಡಿದ.

ಆ ಶರತ್ಕಾಲದಲ್ಲಿ ಪಾನೆವೇಜಿಸ್ ಊರಿನ ಮಕ್ಕಳೆಲ್ಲ ಸ್ಟಿಕರ್ ಹುಚ್ಚಿಗೆ ಬಿದ್ದಿದ್ದರು. ಅಂಗಡಿಯಲ್ಲಿ ಹತ್ತು ಯೂರೋ ಸಾಮಾನು ಕೊಂಡರೆ ಒಂದು ಸ್ಟಿಕರ್. ಶೀಟು ತುಂಬಿಸಿ ಕೊಟ್ಟರೆ ಹತ್ತಿ ತುಂಬಿದ ಒಂದು ಬೊಂಬೆ. ನರಿ, ಗೂಬೆ, ಮುಳ್ಳುಹಂದಿ, ಮೊಲ ಇದ್ದವು. ದಾರಿಗೆ ಅಡ್ಡ ನಿಲ್ಲದಿದ್ದರೆ ಗೆನೊವೈತೆ ಆಂಟಿ ಮಕ್ಕಳನ್ನು ಗದರುತ್ತಿರಲಿಲ್ಲ.

ಯೋರಿಸನಿಗೆ ನರಿಯಾದರೂ ಸರಿ, ಗೂಬೆಯಾದರೂ ಸರಿ. ಸ್ಮಿಲ್ತೆಗೆ ಮಾತ್ರ ಮೊಲವೇ ಆಗಬೇಕಿತ್ತು.

ಅವಳ ತಮ್ಮ ವಿಲ್ಯುಸ್‌ಗೆ ನಾಲ್ಕು ವರ್ಷ. ಅವನ ಹಳೆಯ ಮೊಲ ಬೀಟ್‌ರೂಟ್ ಸೂಪಿನ ಬಟ್ಟಲಿಗೆ ಬಿದ್ದು ಕೆಂಪಾಗಿತ್ತು. ಪಾಪ, ತೊಳೆದುಕೊಡೋಣ ಎಂದು ಸ್ಮಿಲ್ತೆ ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿ, ಎಲ್ಲಕ್ಕಿಂತ ಬಿಸಿಯಾದ ನಂಬರಿಗೆ ತಿರುಗಿಸಿದಳು. ಹೊರಗೆ ಬಂದದ್ದು ಒಂದು ಕಿವಿ, ಒಂದಿಷ್ಟು ಹತ್ತಿ. ಅಂದಿನಿಂದ ವಿಲ್ಯುಸ್ ಅಕ್ಕನ ಜೊತೆ ಮಾತು ಬಿಟ್ಟಿದ್ದ. ಏನೇ ಬೇಕಾದರೂ "ಅವಳಿಗೆ ಹೇಳಮ್ಮ" ಎನ್ನುತ್ತಿದ್ದ. ರಾತ್ರಿ ಕತೆ ಕೇಳಲು ಅವಳ ಹಾಸಿಗೆಗೆ ಬರುವುದನ್ನೂ ನಿಲ್ಲಿಸಿದ್ದ. ಅದರಿಂದ ಸ್ಮಿಲ್ತೆಗೆ ಎಲ್ಲಕ್ಕಿಂತ ಹೆಚ್ಚು ಬೇಜಾರಾಗಿತ್ತು.

ಹಾಗಾಗಿ ದಿನಾ ಸ್ಕೂಲು ಬಿಟ್ಟ ಮೇಲೆ ಅವಳು ಕೌಂಟರಿನ ಕೊನೆಯಲ್ಲಿ ನಿಲ್ಲುತ್ತಿದ್ದಳು. ನಿಂತೂ ನಿಂತೂ ಜನರನ್ನು ಓದಲು ಕಲಿತಳು. ಮುಖ ನೋಡಬೇಕಾಗಿಯೇ ಇರಲಿಲ್ಲ, ಕೈ ನೋಡಿದರೆ ಸಾಕಿತ್ತು. ಕಾರ್ಡಿನವರು ನಗುನಗುತ್ತಾ ಕೇಳಿದರೆ ಕೊಡುತ್ತಾರೆ. ದೊಡ್ಡ ನೋಟು ಮುರಿಸುವವರಿಗೆ ಅವಸರ, ಅವರ ಹಿಂದೆ ಬಾಗಿಲವರೆಗೂ ಓಡಬೇಕು. ಪರ್ಸಿನಿಂದ ಚಿಲ್ಲರೆ ಎಣಿಸುವ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳಿರುತ್ತಾರೆ, ಅವರನ್ನು ಕೇಳಿ ಪ್ರಯೋಜನವಿಲ್ಲ.

ಇನ್ನು ಚೀಟಿಯವರು. ಅಂಗಡಿಯ ಬಾಗಿಲ ಬಳಿ ಒಂದು ಮೆಷಿನ್ ಇತ್ತು. ಖಾಲಿ ಬಾಟ್ಲಿ, ಕ್ಯಾನು ಹಾಕಿದರೆ ಅದು ಒಂದು ಚೀಟಿ ಕೊಡುತ್ತದೆ. ಕೌಂಟರಿನಲ್ಲಿ ಆ ಚೀಟಿ ತೋರಿಸಿದರೆ ಬಿಲ್ಲಿನಲ್ಲಿ ಅಷ್ಟು ದುಡ್ಡು ಕಮ್ಮಿ. ಮೊದಮೊದಲು ಸ್ಮಿಲ್ತೆ ಅಂಥವರನ್ನೂ ಕೇಳಿದ್ದಳು. ಒಬ್ಬರೂ ಕೊಡಲಿಲ್ಲ. ಮುಖ ಕೊಟ್ಟು ಮಾತೂ ಆಡದೆ, ಇಲ್ಲ ಎಂದು ತಲೆಯಾಡಿಸಿ ಬೇಗಬೇಗ ಹೊರಟುಬಿಡುತ್ತಿದ್ದರು.

"ಚೀಟಿಯವ್ರು ಜುಗ್ಗ್ರು. ಅವ್ರನ್ನ ಕೇಳ್ಲೇಬಾರ್ದು," ಎಂದು ಅವಳು ಯೋರಿಸನಿಗೆ ಹೇಳಿದಳು. ಯೋರಿಸ್ ಅದನ್ನು ಸ್ಕೂಲಿಡೀ ಹೇಳಿದ. ಎರಡನೇ ಕ್ಲಾಸಿನ ಪುಟಾಣಿಗಳೂ ಸ್ಮಿಲ್ತೆಯ ರೂಲ್ ಹೇಳಿಕೊಂಡು ಓಡಾಡತೊಡಗಿದರು. ಅವಳಿಗೆ ಒಳಗೊಳಗೇ ಖುಷಿ.

ಶುಕ್ರವಾರ ಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಮ್ಯಾಚ್ ಇತ್ತು. ಮ್ಯಾಚ್ ಮುಗಿದಾಗ ಬೆಂಚುಗಳ ಕೆಳಗೆಲ್ಲ ಬಾಟ್ಲಿಗಳು.

"ಇವನ್ನೆಲ್ಲ ಆರಿಸಿ ಮೆಷಿನ್ನಿಗೆ ಹಾಕಿದ್ರೆ ಸಂಜೆ ನಮ್ಮ ಕ್ಲಾಸ್ ಪಾರ್ಟಿಗೆ ಜ್ಯೂಸ್ ಬರುತ್ತೆ," ಎಂದರು ಟೀಚರ್. "ಯಾರು ಹೋಗ್ತೀರಾ?"

ಸ್ಮಿಲ್ತೆ ಕೈ ಎತ್ತಿದಳು. "ಟೀಚರ್, ಅಂಗಡೀಲಿ ಸ್ಟಿಕರ್ ಕೊಟ್ರೆ ನಾನಿಟ್ಕೊಳ್ಲಾ?"

"ಇಟ್ಕೋ ಮಾರಾಯ್ತಿ," ಎಂದು ಟೀಚರ್ ನಕ್ಕರು. ಚೀಟಿಯ ದುಡ್ಡು ಸಾಲದೆ ಬಂದರೆ ಇರಲಿ ಎಂದು ಹತ್ತು ಯೂರೋ ನೋಟನ್ನೂ ಕೊಟ್ಟರು.

ಅವಳ ಶೀಟಿನಲ್ಲಿ ಎರಡೇ ಖಾನೆ ಖಾಲಿ ಇದ್ದವು. ಇಪ್ಪತ್ತು ಯೂರೋ ದಾಟಿದರೆ ಎರಡು ಸ್ಟಿಕರ್. ಭಾನುವಾರಕ್ಕೆ ಸ್ಟಿಕರ್ ಆಟ ಮುಗಿಯುತ್ತಿತ್ತು, ಆದರೆ ಅವಳಿಗೆ ಮೊಲ ಇವತ್ತೇ ಸಿಗುತ್ತದೆ.

ಮೆಷಿನ್ ಮುಂದೆ ಬಹಳ ಹೊತ್ತು ಹಿಡಿಯಿತು. ಒಂದು ಮೂಟೆ ಹಾಕುವಷ್ಟರಲ್ಲಿ ಹಿಂದೆ ಜನ ಸೇರುತ್ತಿದ್ದರು. ಅವರಿಗೆ ಜಾಗ ಬಿಟ್ಟು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದಳು. ಹಾಗಾಗಿ ಚೀಟಿಗಳು ಒಂದು ಕಂತೆಯೇ ಆದವು. ಬಾಟ್ಲಿಗಳಲ್ಲಿ ಉಳಿದಿದ್ದ ಪಾನಕವೆಲ್ಲ ಜಾಕೆಟ್ಟಿನ ತೋಳಿಗೆ ಸುರಿದು ಅಂಟಂಟಾಯಿತು.

ಕೌಂಟರಿನಲ್ಲಿ ಬೆಲ್ಟಿನ ಮೇಲೆ ಜ್ಯೂಸು, ವೇಫರು, ಸೇಬು ಸಾಗಿದವು. ಬಿಲ್ಲು ಇಪ್ಪತ್ತೆರಡು ಯೂರೋ ಆಯಿತು. ಸ್ಮಿಲ್ತೆ ಚೀಟಿಗಳನ್ನು ಮುಂದಿಟ್ಟಳು. ಗೆನೊವೈತೆ ಆಂಟಿ ಒಂದೊಂದನ್ನೇ ಬಿಡಿಸಿ, ಸುಕ್ಕು ತೀಡಿ, ಸ್ಕ್ಯಾನರಿನ ಕೆಂಪು ಬೆಳಕಿಗೆ ಹಿಡಿದರು. ಸಾಲಿನಲ್ಲಿದ್ದ ಯಾರೋ ಉಸ್ಸೆಂದರು. ಇನ್ಯಾರೋ ಬೇರೆ ಕೌಂಟರಿಗೆ ಹೋದರು. ಸ್ಮಿಲ್ತೆ ತಲೆ ಎತ್ತಲಿಲ್ಲ. ಇದು ನನ್ನ ಕ್ಲಾಸಿನ ದುಡ್ಡು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು ಅನ್ನಿಸಿತು. ಆದರೆ ಯಾರೂ ಕೇಳಿರಲಿಲ್ಲವಲ್ಲ.

ಉಳಿದ ದುಡ್ಡಿಗೆ ನೋಟು ಕೊಟ್ಟು, ಚಿಲ್ಲರೆ ಇಸಿದುಕೊಂಡು, ಕೈ ಚಾಚಿಕೊಂಡೇ ನಿಂತಳು.

"ಸ್ಟಿಕರ್, ಆಂಟಿ?"

"ನಿಂಗೆ ಬರಲ್ಲ ಕಂದ," ಎಂದರು ಗೆನೊವೈತೆ ಆಂಟಿ. "ಚೀಟಿ ಕಳೆದ್ಮೇಲೆ ಎಂಟು ಯೂರೋನೇ ಆಗಿದ್ದು. ಹತ್ತಾದ್ರೂ ಆಗ್ಬೇಕು."

"ಇಪ್ಪತ್ತೆರಡು ಆಗಿತ್ತಲ್ಲ?"

"ಚೀಟಿ ದುಡ್ಡು ಲೆಕ್ಕಕ್ಕಿಲ್ಲ. ನಾನ್ ಮಾಡಿದ್ ರೂಲಾ ಅದು?"

ಸ್ಮಿಲ್ತೆಗೆ ಅಳು ಬಂತು. ನುಂಗಿಕೊಂಡಳು. "ಹಂಗಾದ್ರೆ ಚೀಟಿ ಕೊಡೋರಿಗೆ ಯಾರಿಗೂ ಬರಲ್ವಾ?"

"ಚೀಟಿ ಹಿಡ್ಕೊಂಡು ಬಂದು ಹಾಲು, ಬ್ರೆಡ್ಡು ತಗೊಂಡು ಹೋಗೋರಿಗೆ ಎಲ್ಲಿಂದ ಬರುತ್ತೆ? ಜರುಗು ಪುಟ್ಟಿ, ಹಿಂದೆ ಜನ ಇದಾರೆ."

ಅವಳು ಎರಡು ಚೀಲ ಎತ್ತಿಕೊಂಡು ಜರುಗಿದಳು. ಕೌಂಟರಿನ ಕೊನೆಯಲ್ಲಿ, ದಿನಾ ಅವಳು ನಿಲ್ಲುವ ಜಾಗದಲ್ಲೇ, ಇಬ್ಬರು ಸಣ್ಣ ಹುಡುಗರು ನಿಂತಿದ್ದರು. ಅವರಲ್ಲಿ ಕುಳ್ಳಗಿದ್ದವನು ಮುಂದೆ ಬಂದ.

"ಅಕ್ಕಾ, ನಿಮಗೆ ಬೇಡ್ವಾದ್ರೆ ಸ್ಟಿಕರ್ ನಮಗೆ ಕೊಡ್ತೀರಾ?"

ಸ್ಮಿಲ್ತೆ ಇಲ್ಲ ಎಂದು ತಲೆಯಾಡಿಸಿದಳು. ಬಾಯಿ ತೆರೆದರೆ ಅತ್ತುಬಿಡುತ್ತೇನೆ ಎನ್ನಿಸಿ, ಮುಖ ತಿರುಗಿಸಿ ಬೇಗಬೇಗ ನಡೆದಳು.

"ಹೇಳಿದ್ನಲ್ಲೋ," ಎಂದ ಇನ್ನೊಬ್ಬ ಹಿಂದಿನಿಂದ. "ಕೈಯಲ್ಲಿ ಚೀಟಿ ಇತ್ತು, ನೋಡ್ಲಿಲ್ವಾ? ಚೀಟಿಯವ್ರು ಜುಗ್ಗ್ರು."

ಸ್ಮಿಲ್ತೆ ಗಕ್ಕನೆ ನಿಂತಳು. ಕಿವಿಗಳೆರಡೂ ಬಿಸಿಯಾದವು. ವಾಪಸ್ ಬಂದು ಚೀಲಗಳನ್ನು ನೆಲಕ್ಕಿಟ್ಟಳು.

"ನಂಗೆ ಸ್ಟಿಕರ್ ಸಿಗ್ಲೇ ಇಲ್ಲ. ಚೀಟಿ ಕೊಟ್ರೆ ಸಿಗಲ್ಲ. ಜುಗ್ಗತನ ಅಲ್ಲ ಅದು."

"ಸುಳ್ಳು. ಚೀಟಿಯವ್ರು ಕೊಡಲ್ಲ ಅಂತ ಎಲ್ರಿಗೂ ಗೊತ್ತು."

"ಯಾರ್ ಹೇಳಿದ್ದು ನಿಂಗೆ?"

"ನಮ್ ಸ್ಕೂಲಲ್ಲಿ ನಾಲ್ಕನೇ ಕ್ಲಾಸಿನ ಒಬ್ಳು ಅಕ್ಕ ಇದಾಳೆ. ಕೈ ನೋಡೇ ಎಲ್ಲಾ ಹೇಳ್ತಾಳಂತೆ."

"ಆ ಅಕ್ಕ ನಾನೇ ಕಣೋ."

ಹುಡುಗ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಅಂಟಂಟು ತೋಳು, ಕಂಕುಳಲ್ಲಿ ಮಡಿಚಿದ ಖಾಲಿ ಮೂಟೆಗಳು. ಅವನು ಗೆಳೆಯನ ಕಡೆ ತಿರುಗಿ ಕಿಸಕ್ಕೆಂದ.

"ಹೋಗಕ್ಕ, ಸುಮ್ನೆ. ಆ ಅಕ್ಕ ಬಾಟ್ಲಿ ಆಯೋಳಲ್ಲ."

ಅಷ್ಟರಲ್ಲಿ ಫೋನ್ ಹಿಡಿದ ಒಬ್ಬರು ಕೌಂಟರಿಗೆ ಬಂದರು. ಹುಡುಗರಿಬ್ಬರೂ ಅವಳನ್ನು ಮರೆತು ಅತ್ತ ಓಡಿದರು. ಸ್ಮಿಲ್ತೆ ಚೀಲ ಎತ್ತಿಕೊಂಡು ಸ್ಕೂಲಿಗೆ ಹೋದಳು. ಪಾರ್ಟಿಯಲ್ಲಿ ವೇಫರು ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಅವಳು ತಿನ್ನಲಿಲ್ಲ.

ಭಾನುವಾರ ಯೋರಿಸ್ ಜೊತೆ ಮತ್ತೆ ಅಂಗಡಿಗೆ ಹೋದಳು. "ಇವರು ಹೆಂಗೆ?" ಎಂದು ಯೋರಿಸ್ ಒಬ್ಬೊಬ್ಬರನ್ನೂ ತೋರಿಸಿ ಕೇಳಿದ.

"ಗೊತ್ತಿಲ್ಲ," ಎಂದಳು.

"ಏನೇ ಆಯ್ತು ನಿಂಗೆ?"

"ಏನಿಲ್ಲ. ಗೊತ್ತಿಲ್ಲ ಅಷ್ಟೇ."

ಅವಳು ಬಂದವರನ್ನೆಲ್ಲ ಸಾಲಾಗಿ ಕೇಳಿದಳು. ತುಂಬಾ ಜನ ಇಲ್ಲ ಎಂದರು. ಒಂದು ಸ್ಟಿಕರ್ ಕಾರ್ಡಿನವರೊಬ್ಬರಿಂದ ಸಿಕ್ಕಿತು. ಕೊನೆಯದನ್ನು ಕೊಟ್ಟವರು ಚಿಲ್ಲರೆ ಎಣಿಸುತ್ತಿದ್ದ ಒಬ್ಬ ಅಜ್ಜ. "ನಂಗ್ಯಾಕಮ್ಮ ಇದು, ಮನೇಲಿ ಇರೋದು ಒಂದು ಬೆಕ್ಕು," ಎಂದರು.

ಮನೆಯಲ್ಲಿ ವಿಲ್ಯುಸ್ ಹೊಸ ಮೊಲದ ಕಿವಿಗಳನ್ನು ಎಳೆದು ನೋಡಿದ. ಗಟ್ಟಿಯಾಗಿದ್ದವು.

"ಅಮ್ಮಾ, ಅವಳಿಗೆ ಹೇಳು. ಇದನ್ನ ಮೆಷಿನ್ನಿಗೆ ಹಾಕ್ಬಾರ್ದು ಅಂತ."

"ನೀನೇ ಹೇಳಪ್ಪ, ಅಲ್ಲೇ ಇದಾಳಲ್ಲ," ಎಂದರು ಅಡುಗೆಮನೆಯಿಂದ ಅಮ್ಮ.

ವಿಲ್ಯುಸ್ ಮೊಲವನ್ನು ಕಂಕುಳಲ್ಲಿ ಅವುಚಿಕೊಂಡು ಸ್ಮಿಲ್ತೆಯ ಹಾಸಿಗೆ ಹತ್ತಿ ಕುಳಿತ.

"ಹಾಕ್ಬೇಡ," ಎಂದ.

"ಹಾಕಲ್ಲ." ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಅವನನ್ನು ಹಿಡಿದು ಮುದ್ದಾಡಬೇಕು ಅನ್ನಿಸಿತು. ಮತ್ತೆ ಸಿಟ್ಟು ಮಾಡಿಕೊಂಡಾನು ಎಂದು ಸುಮ್ಮನಿದ್ದಳು.

"ಸ್ಟಿಕರ್ ಎಲ್ಲಾ ಯಾರ್ ಕೊಟ್ರು?"

"ತುಂಬಾ ಜನ. ಅಂಗಡಿಗೆ ಬಂದೋರು."

"ಎಲ್ರೂ ಕೊಟ್ರಾ?"

"ಇಲ್ಲ. ಕೆಲವ್ರು ಕೊಡ್ಲಿಲ್ಲ. ಕೆಲವ್ರ ಹತ್ರ ಇರ್ಲೇ ಇಲ್ಲ."

"ಯಾಕೆ?"

"ಅವ್ರಿಗೆ ಅಂಗಡಿಯವ್ರು ಕೊಡಲ್ಲ."

ವಿಲ್ಯುಸ್ ಮೊಲದ ಮೂತಿಯನ್ನು ಬೆರಳಿನಿಂದ ಒತ್ತಿದ.

"ಹಂಗಾದ್ರೆ ಅವ್ರ ಮನೇ ಮಕ್ಳಿಗೆ ಮೊಲ?"

ಇಷ್ಟು ದಿನ ಅದೇ ಜಾಗದಲ್ಲಿ ನಿಂತಿದ್ದರೂ ಸ್ಮಿಲ್ತೆಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅವಳು ತಮ್ಮನಿಗೆ ಹೊದಿಕೆ ಎಳೆದಳು.

"ಗೊತ್ತಿಲ್ಲ ಕಣೋ," ಎಂದಳು. "ನಾನು ಕೇಳ್ಲೇ ಇಲ್ಲ."