ಎಣ್ಣೆ ಬಟ್ಟಲಿನಲ್ಲಿ ಕಂಡ ಮಗಳು

ಒಂದಾನೊಂದು ಊರಿನಲ್ಲಿ ಒಬ್ಬ ಅಪ್ಪನಿದ್ದನಂತೆ. ಮಗಳು ಹುಟ್ಟಿ ತಿಂಗಳುಗಳೇ ಕಳೆದರೂ ಅವಳ ಮುಖವನ್ನೇ ನೋಡಿರಲಿಲ್ಲವಂತೆ!

ಬಹಳ ಹಿಂದಿನ ಮಾತೇನಲ್ಲ. ಯಗಟಿಗೆ ಅಪರೂಪಕ್ಕೊಂದು ಬಸ್ಸು ಬರುತ್ತಿದ್ದ ಎಪ್ಪತ್ತರ ದಶಕ. ಆ ಅಪ್ಪ ಷಡಕ್ಷರಿ, ಬೀರೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ಹೆಂಡತಿ ಮಲ್ಲಿಕಾಂಬ ಯಗಟಿಯ ತವರಿನಲ್ಲಿ ಬಾಣಂತನಕ್ಕಿದ್ದಳು.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಅವನು ಬಂದ. ಮಗುವನ್ನೆತ್ತಿಕೊಂಡು ಮಲ್ಲಿಕಾಂಬ ಬಾಗಿಲಿಗೆ ಓಡಿದಳು. ಅವನು ತಟ್ಟನೆ ಬೆನ್ನು ತಿರುಗಿಸಿ ಜಗಲಿಯ ಮೇಲೆ ಕೂತುಬಿಟ್ಟ!

"ರೀ... ಇಲ್ಲಿ ನೋಡ್ರೀ, ನಿಮ್ಮ ಮಗಳು!"

"ಹ್ಞೂಂ... ಒಳಗೆ ಕರ್ಕೊಂಡ್ ಹೋಗು. ಥಂಡಿ ಗಾಳಿ ಐತೆ."

ಪ್ರತಿ ಸಲವೂ ಇದೇ. ಹೆಣ್ಣಾಯಿತೆಂದು ಬೇಸರವೇ? ಅವಳು ಮಗುವಿನ ಕಿವಿಯಲ್ಲಿ ಪಿಸುಗುಟ್ಟಿದಳು.

"ನಾಳೆ ನಿನ್ನ ಮೊದಲ ಹಬ್ಬ ಕಣೇ ಪುಟ್ಟಿ. ನಿಮ್ಮಪ್ಪನ ಕೈಗೆ ನಿನ್ನ ಕೊಟ್ಟೇ ಕೊಡ್ತೀನಿ. ತಗೊಳ್ಳಿಲ್ಲ ಅಂದ್ರೆ... ನಾವು ಬೀರೂರಿಗೆ ಹೋಗೋದೇ ಬೇಡ."

ಬೆಳಗ್ಗೆ ಹಂಡೆಗೆ ಉರಿ ಹಾಕಿದ್ದರು. ಮಲ್ಲಿಕಾಂಬ ಕಿಟಕಿಯಲ್ಲಿ ಇಣುಕಿದಳು. ಷಡಕ್ಷರಿ ಹಿತ್ತಲಿನ ಹಗ್ಗದಿಂದ ಮಗುವಿನ ಕುಲಾವಿ ತೆಗೆದುಕೊಂಡು, ಅತ್ತಿತ್ತ ನೋಡಿ, ಕೆನ್ನೆಗೊತ್ತಿಕೊಂಡ. ಮೂಸಿದ!

ಬೇಸರವಿದ್ದವರು ಕುಲಾವಿ ಮೂಸುತ್ತಾರಾ?

ತಡೆಯಲಾಗಲಿಲ್ಲ. ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ಹಿತ್ತಲಿಗೆ ಹೋದಳು.

"ಏನ್ರೀ ಇದು? ಮಗು ಬೇಡ, ಕುಲಾವಿ ಬೇಕಾ?"

ಸಿಕ್ಕಿಬಿದ್ದವನ ಹಾಗೆ ಅವನು ತೊದಲಿದ.

"ನಮ್ ಸ್ಟೇಷನ್ ಕೆಂಚಪ್ಪ ಹೇಳ್ದ... ಈ ನಕ್ಷತ್ರದ ಮಗೀನ ಮುಖ ಅಪ್ಪ ನೋಡ್ಬಾರ್ದಂತೆ. ಮಗೀಗೆ ಕಂಟಕವಂತೆ. ಏನಾದ್ರೂ ಆಗೋದ್ರೆ ನಾನು..."

ಮಾತು ಮುಗಿಯಲಿಲ್ಲ. ಎಣ್ಣೆ ಬಟ್ಟಲು ಹಿಡಿದು ಬಂದ ಮಲ್ಲಿಕಾಂಬಳ ಅಜ್ಜಿ ತೀರ್ಥಮ್ಮ ಕಿಸಕ್ಕನೆ ನಕ್ಕಳು.

"ಅಯ್ಯೋ ನನ್ನಪ್ಪಾ! ಅವನು ಅರ್ಧ ಶಾಸ್ತ್ರ ಹೇಳ್ದ, ನೀನು ಅಷ್ಟಕ್ಕೇ ಎದ್ದು ಬಂದ್ಯಾ? ಮೊದ್ಲು ಎಣ್ಣೇಲಿ ನೋಡೋದು, ಆಮೇಲೆ ಮುಖ ನೋಡೋದು. ಅಷ್ಟೇ ಕಣೋ!"

"ಅಷ್ಟೇನಾ?!"

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೋ ನೀನು! ಕೂತ್ಕೋ."

ಮಣೆಯ ಮೇಲೆ ಕೂತವನ ಮುಂದೆ ಅಗಲವಾದ ಕಂಚಿನ ಬಟ್ಟಲು. ಮಲ್ಲಿಕಾಂಬ ತೊಟ್ಟಿಲಿಂದ ಮಗುವನ್ನು ಎತ್ತಿ ತಂದು ಹಿಂದೆ ನಿಂತು, ಅವನ ಭುಜದ ಮೇಲಿಂದ ಬಗ್ಗಿಸಿ ಹಿಡಿದಳು. ಹರಳೆಣ್ಣೆಯಲ್ಲಿ ದುಂಡನೆಯ ಮುಖವೊಂದು ಮೂಡಿತು. ಕಣ್ಣು, ಪುಟ್ಟ ಮೂಗು...

"ಮಲ್ಲೀ... ಗಲ್ಲದಲ್ಲಿ ಗುಳಿ ಐತೆ ಕಣೇ!"

ಅಷ್ಟರಲ್ಲಿ ಮಗುವಿನ ಜೊಲ್ಲು ತೊಟ್ಟಿಕ್ಕಿ ಎಣ್ಣೆ ಕಲಕಿತು.

"ಅಯ್ಯೋ, ಹೋಯ್ತು!" ಎಂದು ಅವನು ಗಾಬರಿಯಿಂದ ಹಿಂದಕ್ಕೆ ತಿರುಗಿಯೇ ಬಿಟ್ಟ. ಎದುರಿಗೇ ಮಗಳು. ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು.

ಈ ಸಲ ಅವನು ಮುಖ ತಿರುಗಿಸಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?" ಮಲ್ಲಿಕಾಂಬಳ ದನಿ ಒದ್ದೆಯಾಗಿತ್ತು. "ಹೆಣ್ಣಂತ ಮುನಿಸ್ಕೊಂಡ್ರಿ ಅಂದ್ಕೊಂಡಿದ್ದೆ."

"ಛೇ! ನೀನು ಬಾಣಂತಿ. ಹೇಳಿದ್ರೆ ನೀನೂ ಹೆದರ್ಕೋತಿದ್ದೆ."

"ಹೆದರೋದಾದ್ರೆ ಇಬ್ರೂ ಹೆದರೋಣ. ಕೈ ಚಾಚ್ರೀ."

"ಬಿದ್ದುಗಿದ್ದೋದ್ರೆ?"

"ಬೀಳಲ್ಲ. ಕತ್ತಿಗೆ ಕೈ ಕೊಡಿ... ಹಾಂ, ಹಂಗೆ."

ಅವನ ಅಂಗೈಗಳು ಮಗುವನ್ನು ಸರಿಯಾಗಿ ಹಿಡಿದವೆಂದು ತಿಳಿದ ಮೇಲೆ, ಮಲ್ಲಿಕಾಂಬ ಮೆಲ್ಲನೆ ತನ್ನ ಕೈ ತೆಗೆದಳು.