ಪ್ಲಾನಿಚಾದಲ್ಲಿ ಗಾಳಿ ತಿರುಗಿದಾಗ

"ಬೇರೆ ಯಾರೂ ಇಲ್ವಾ ಇಲ್ಲಿ?"

ತಂಡದ ಫಿಸಿಯೋಥೆರಪಿ ಡೇರೆಯ ಬಾಗಿಲಲ್ಲೇ ನಿಂತು ಯೆರ್ನೇಯ್ ಕೇಳಿದ. ಆ ದನಿಗೆ ಝಾಲಾ ತಟ್ಟನೆ ತಿರುಗಿದಳು. ಒಂದು ವರ್ಷ ಎರಡು ತಿಂಗಳಾಗಿತ್ತು, ಅದನ್ನು ಇಷ್ಟು ಹತ್ತಿರದಿಂದ ಕೇಳಿ...

"ಇನ್ನೊಬ್ಬ ಫಿಸಿಯೋಗೆ ಜ್ವರ. ನಾನೇ ಇರೋದು. ಬೇಕಿದ್ರೆ ಮಲಗು, ಇಲ್ಲಾಂದ್ರೆ ಸೆಟೆದ ಭುಜ ಹೊತ್ಕೊಂಡೇ ಹಾರು!"

ಅವನು ಬೋರಲು ಮಲಗಿದ. ಝಾಲಾ ಭುಜ ಒತ್ತತೊಡಗಿದಳು. ಹಿಂದೆ ಒಂದೊಂದಾಗಿ ಎಣಿಸಬಹುದಾಗಿದ್ದ ಪಕ್ಕೆಲುಬುಗಳು ಈಗ ಕೈಗೆ ಸಿಗಲಿಲ್ಲ.

'ಸದ್ಯ, ಊಟ ಮಾಡ್ತಿದ್ದಾನೆ!'

"ನಿನ್ನ ತಮ್ಮ ಹೇಗಿದ್ದಾನೆ? ನನ್ನ ಜಾಗ ಹಿತವಾಗಿದೆಯಂತಾ?"

ಅವಳ ಬೆರಳು ನಿಂತವು.

ಹಿಮದ ಇಳಿಜಾರಿನಲ್ಲಿ ಜಾರಿ ಗಾಳಿಗೆ ಚಿಮ್ಮುವ ಸ್ಕೀ ಹಾರಾಟದಲ್ಲಿ ಮೈ ಹಗುರಾದಷ್ಟೂ ದೂರ ತೇಲಬಹುದೆಂದು ಅವನು ಆಗ ದಿನಕ್ಕೊಂದು ಸೇಬು ತಿಂದು ಬದುಕುತ್ತಿದ್ದ. "ಯಾರಿಗೂ ಹೇಳಬೇಡ ಝಾಲಾ" ಎಂದು ಕೈ ಹಿಡಿದು ಬೇಡಿಕೊಂಡಿದ್ದ. ಇಬ್ಬರೂ ಮದುವೆಯ ಮಾತಾಡುತ್ತಿದ್ದ ದಿನಗಳವು. ಒಂದು ಬೆಳಿಗ್ಗೆ ಅವನು ಹೋಟೆಲಿನ ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದಾಗ ಅವಳು ನೇರ ಕೋಚ್ ಬಳಿ ಓಡಿದ್ದಳು. ಕೋಚ್ ಅವನನ್ನು ಆಸ್ಪತ್ರೆಗೆ ಸೇರಿಸಿ ತಂಡದಿಂದ ಕೈಬಿಟ್ಟರು. ಆ ಜಾಗ ಸಿಕ್ಕಿದ್ದು ಝಾಲಾಳ ತಮ್ಮ ತೀನೆಗೆ!

"ತಮ್ಮನಿಗೋಸ್ಕರ ನನ್ನ ಮಾರಿಬಿಟ್ಟೆ!" ಅಂದು ಹೋದವನು ಮತ್ತೆ ತಿರುಗಿ ನೋಡಿರಲಿಲ್ಲ. ಚೇತರಿಸಿಕೊಂಡು ಈ ವಾರವಷ್ಟೇ ತಂಡಕ್ಕೆ ಮರಳಿದ್ದ.

"ಆಯ್ತು, ಏಳು," ಎಂದಳು ಝಾಲಾ. "ಇವತ್ತು ಗಾಳಿ ಸರಿಯಿಲ್ಲ. ಹುಷಾರು."

"ಹೌದಾ? ಹೋಗು, ಅದನ್ನೂ ಕೋಚ್‌ಗೆ ಹೇಳು."

ಪರದೆ ಸರಿಸಿ ಹೊರಟೇಹೋದ.

ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ದಿನ. ಪ್ಲಾನಿಚಾ ಕಣಿವೆ ತುಂಬ ಬಾವುಟಗಳು, ಅಕಾರ್ಡಿಯನ್ ವಾದ್ಯದ ಸದ್ದು, ಸುಟ್ಟ ಸಾಸೇಜಿನ ವಾಸನೆ. ತನ್ನ ಸರದಿ ಮುಗಿಸಿದ್ದ ತೀನೆ ಬೇಲಿಯ ಬಳಿ ಅಕ್ಕನ ಕೈಗೆ ಬಿಸಿ ಚಹಾ ಕೊಟ್ಟ.

"ಕುಡಿ ಅಕ್ಕಾ. ಮುಖ ನೋಡು, ಹಿಮಕ್ಕಿಂತ ಬೆಳ್ಳಗಾಗಿದೆ."

ಮೇಲೆ, ಹಾರಾಟದ ಗೋಪುರದ ತುದಿಯಲ್ಲಿ, ಜಾರುವ ಮುನ್ನ ಕೂರುವ ಅಡ್ಡಪಟ್ಟಿಯ ಮೇಲೆ ಯೆರ್ನೇಯ್ ಕೂತಿದ್ದ. ಕೆಂಪು ದೀಪ ಹತ್ತಿತು. ಗಾಳಿ ಜೋರೆಂದು ಅವನನ್ನು ಹಿಂದಕ್ಕೆ ಕರೆದರು. ಮತ್ತೆ ಕೂತ. ಮತ್ತೆ ಕರೆದರು.

'ಇವತ್ತಿಗೆ ಸಾಕು ಅನ್ನಿ... ಯಾರಾದರೂ ಅನ್ನಿ!'

ಮೂರನೇ ಸಲ ಹಸಿರು ದೀಪ. ಹೊರಡೆಂದು ಕೋಚ್ ಬಾವುಟ ಬೀಸಿದರು.

ಅವನು ಜಾರಿದ, ಚಿಮ್ಮಿದ, ಗಾಳಿಯ ಮೇಲೆ ಮಲಗಿದ. ನೂರೈವತ್ತು ಮೀಟರ್... ಇನ್ನೂರು... ಜನ ಹುಚ್ಚೆದ್ದು ಕೂಗಿದರು.

ಇದ್ದಕ್ಕಿದ್ದಂತೆ ಎಡಗಾಲಿನ ಸ್ಕೀ ಕೆಳಗೆ ವಾಲಿತು.

"ಬೇಡ... ಬೇಡ..." ಝಾಲಾ ಪಿಸುಗುಟ್ಟಿದಳು. ಗಾಳಿ ಅವಳ ಮಾತು ಕೇಳಲಿಲ್ಲ.

ಅವನು ಇಳಿಜಾರಿಗೆ ಅಪ್ಪಳಿಸಿ ಉರುಳುತ್ತಾ ಬಂದು ತಳದಲ್ಲಿ ಬಿದ್ದ.

ಝಾಲಾ ಓಡಿದಳು. ಕಾವಲಿನವನು ಅಡ್ಡ ಬಂದ.

"ರಕ್ಷಣಾ ತಂಡ ಹೋಗಲಿ ಮೇಡಂ, ಆಮೇಲೆ ನೀವು."

"ನಾನು ತಂಡದ ಫಿಸಿಯೋ! ಬಿಡಿ ನನ್ನ!"

"ಯಾರಾದ್ರೂ ಸರಿ. ಕ್ಷಮಿಸಿ."

ಇಪ್ಪತ್ತು ಹೆಜ್ಜೆ ಆಚೆ ಅವನು ಬಿದ್ದಿದ್ದ. ನೋವು ಕಳೆಯುವುದನ್ನು ಕಲಿತ ಈ ಕೈಗಳು ಬೇಲಿ ಹಿಡಿದುಕೊಳ್ಳುವುದರ ಹೊರತು ಏನೂ ಮಾಡಲಾರದಾದವು...

"ಅಕ್ಕಾ, ಕೈ ಆಡಿಸ್ತಿದ್ದಾನೆ! ನೋಡು!" ತೀನೆ ಅವಳನ್ನು ಬಿಗಿಯಾಗಿ ಹಿಡಿದುಕೊಂಡ.

ಆಂಬುಲೆನ್ಸ್ ಬಾಗಿಲಲ್ಲಿ ವೈದ್ಯೆ ಕೇಳಿದರು, "ಜೊತೆಗೆ ಯಾರು ಬರ್ತೀರಿ?"

ಸ್ಟ್ರೆಚರಿನ ಮೇಲಿಂದ ಕ್ಷೀಣ ದನಿ ಬಂತು. "ಅವಳು... ಝಾಲಾ ಬರಲಿ."

ಗಾಡಿ ಹೊರಟಿತು. ಅವನ ಎಡ ಮಂಡಿಗೆ ಪಟ್ಟಿ ಕಟ್ಟಿದ್ದರು. ಝಾಲಾಗೆ ಕಣ್ಣೀರು ತಡೆಯಲಾಗಲಿಲ್ಲ.

"ನಾನು ತಮ್ಮನಿಗೋಸ್ಕರ ಹೇಳ್ಲಿಲ್ಲ, ಯೆರ್ನೇಯ್. ನೀನು ಸತ್ತೇಹೋಗ್ತೀಯ ಅಂತ ಹೆದರಿ..."

"ಗೊತ್ತು."

"ಏನು ಗೊತ್ತು?"

"ಎಲ್ಲಾ. ಆಸ್ಪತ್ರೆಯಿಂದ ಮನೆಗೆ ಹೋಗಿ ಅಮ್ಮ ಮಾಡಿದ ಸೂಪ್ ಕುಡಿದ ದಿನಾನೇ ನೀನು ನನ್ನ ಉಳಿಸಿದ್ದು ಅಂತ ಗೊತ್ತಾಯ್ತು. ಆದ್ರೆ ನಿನ್ನ ಎದುರು ನಿಲ್ಲೋಕೆ ನಾಚಿಕೆ. ಕೋಪ ಮಾಡ್ಕೊಂಡಿರೋದು ಸುಲಭ ಆಗಿತ್ತು ಕಣೇ."

"ಒಂದು ವರ್ಷ! ದಿನಾ ಅತ್ತಿದ್ದೀನಿ, ಪಾಪಿ!"

"ಬೈ. ಇನ್ನೂ ಬೈ..." ಅವನ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು. "ಝಾಲಾ, ನಾನು ಮತ್ತೆ ಹಾರ್ತೀನಾ?"

ಅವಳು ಮಂಡಿಯನ್ನು ನೋಡಿದಳು. ಅದು ಬಾಗಿದ್ದ ರೀತಿ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು.

"ಇಲ್ಲ ಅನ್ಸುತ್ತೆ."

"ಸುಳ್ಳಾದ್ರೂ ಹೇಳಬಾರದಾ?"

"ನಿನಗೆ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ."

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ತಡಕಾಡಿ ಅವಳ ಬೆರಳು ಹಿಡಿದ.

"ಹಾಗಿದ್ರೆ ಇನ್ನೊಂದು ಕೇಳ್ತೀನಿ. ಈಗಲೂ ನನ್ನ ಮೇಲೆ ಪ್ರೀತಿ ಇದೆಯಾ?"

ಝಾಲಾ ಅವನ ಹಣೆಗೆ ಹಣೆ ತಾಗಿಸಿದಳು.

"ಇದೆ ಕಣೋ... ಏನು ಮಾಡ್ಲಿ, ಇದೆ!"